ಹಾಲು ಬಿಡುವ ಕಲ್ಲು

ಕಲ್ಲನ್ನು ಮುಖದ ಹತ್ತಿರ ತಂದು, ಕನ್ನಡಕ ಒರೆಸುವ ಮುಂಚೆ ಊದುತ್ತೇವಲ್ಲ, ಹಾಗೆ ಒಮ್ಮೆ ಬೆಚ್ಚಗೆ ಉಸಿರು ಬಿಡಬೇಕು. ಕೂಡಲೇ ಮೂಸಬೇಕು. ಮೊದಲ ಮಳೆ ಬಿದ್ದ ಅಂಗಳದ ವಾಸನೆ ಬಂದರೆ ಅದರಲ್ಲಿ ಜೇಡಿಯ ಅಂಶವಿದೆ, ಸ್ಲೇಟಿನ ಕುಲದ್ದಿರಬೇಕು. ವಾಸನೆಯೇ ಇಲ್ಲದೆ, ಗಾಜಿನ ಮೇಲೆ ಊದಿದಂತೆ ಬರೀ ಆವಿ ಕಟ್ಟಿ ಆರಿಹೋದರೆ ಬೆಣಚಿನ ಕುಲದ್ದಿರಬಹುದು. ಭೂವಿಜ್ಞಾನ ಓದುವ ಮಕ್ಕಳು ಬಂಡೆಗಳ ನಡುವೆ ನಿಂತು ಮಾಡುವ ಪರೀಕ್ಷೆ ಇದು. ನನ್ನ ಮೇಜಿನ ಮೇಲೆ ಹೆಸರಿಲ್ಲದ ಐದು ಮಸೆಗಲ್ಲುಗಳಿದ್ದವು. ಅವುಗಳ ಹೆಸರು ಹುಡುಕಲು ನಾನು ಶುರುಮಾಡಿದ್ದೂ ಹೀಗೆಯೇ, ಮೂಗಿನಿಂದ.

ಹನ್ನೆರಡು ವರ್ಷದಿಂದ ನಾನು ಕ್ಷೌರ ಮಾಡಿಕೊಳ್ಳುವುದು ಹಳೇ ಕಾಲದ ಕತ್ತಿಯಲ್ಲಿ. ಈಗಿನ ಸಲೂನುಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಯಲ್ಲ. ಹಿಡಿಯೊಳಗೆ ಮಡಚಿಕೊಳ್ಳುವ, ಬೆನ್ನು ದಪ್ಪಗಿದ್ದು ಬಾಯಿಯ ಕಡೆಗೆ ಕಾಗದದಷ್ಟು ತೆಳುವಾಗುವ, ಇಡೀ ಉಕ್ಕಿನ ಕತ್ತಿ. ನಾನು ಹುಡುಗನಾಗಿದ್ದಾಗ ಊರಿನ ಜಗಲಿಗೆ ಕ್ಷೌರಕ್ಕೆ ಬರುತ್ತಿದ್ದವರು ಅದನ್ನು ಅಂಗೈ ಅಗಲದ ಕಲ್ಲಿನ ಮೇಲೆ ನಾಲ್ಕು ಸಲ ಎಳೆದು, ಆಮೇಲೆ ಬರೀ ಅಂಗೈ ಮೇಲೆ ಹಿಂದಕ್ಕೂ ಮುಂದಕ್ಕೂ ಆಡಿಸಿ, ಗಲ್ಲಕ್ಕೆ ಹಚ್ಚುತ್ತಿದ್ದರು. ಏಡ್ಸ್ ಭಯ ಹರಡಿದ ಮೇಲೆ ಒಬ್ಬರಿಗೊಂದು ಬ್ಲೇಡು ಎಂಬ ರೂಢಿ ಬಂತು. ಬರಬೇಕಾದದ್ದೇ. ಆದರೆ ಕತ್ತಿಯ ಜೊತೆಗೆ ಕಲ್ಲೂ ಹೋಯಿತು, ಆ ಕಲ್ಲನ್ನು ಬಲ್ಲ ಕೈಯೂ ಹೋಯಿತು. ಅವರ ಚೀಲದಲ್ಲಿದ್ದ ಕಲ್ಲು ಯಾವುದು, ಎಲ್ಲಿಯದು ಎಂದು ಅಂದು ಕೇಳುವ ಬುದ್ಧಿ ನನಗಿರಲಿಲ್ಲ. ಆ ಕೊರಗು ಈಗಲೂ ಇದೆ.

ಐದು ಕಲ್ಲು ಬಂದದ್ದು ಬ್ರಸೆಲ್ಸ್‌ನಿಂದ. ಅಲ್ಲಿ ಪ್ಲಾಸ್ ದ್ಯು ಜು ದ ಬಾಲ್ ಎಂಬ ಚೌಕದಲ್ಲಿ ಪ್ರತಿದಿನ ಬೆಳಿಗ್ಗೆ ಹಳೇ ಸಾಮಾನಿನ ಸಂತೆ ನೆರೆಯುತ್ತದೆ. ಅಕ್ಕನ ಮಗ ಅಲ್ಲಿಂದ ಫೋನು ಮಾಡಿದ್ದ. “ಮಾವ, ಒಂದು ಡಬ್ಬಿ ತುಂಬ ಕಲ್ಲು ಇಟ್ಕೊಂಡು ಕೂತಿದ್ದಾರೆ. ನೀವು ಹೇಳಿದ ಹಳದಿ ಕಲ್ಲು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ, ಎಲ್ಲಾ ಎಣ್ಣೆ ಜಿಡ್ಡು, ಕಪ್ಪಗಿವೆ.” ಎಲ್ಲವನ್ನೂ ತಗೋ ಅಂದೆ. “ತೊಳೆದು ತರಲಾ?” ಅಂದ. ಬೇಡ ಮಾರಾಯ, ಹಾಗೇ ತಾ ಅಂದೆ.

ತೊಳೆಯಬೇಡ ಅಂದದ್ದಕ್ಕೆ ಕಾರಣವಿದೆ. ಹಳೇ ಕಲ್ಲು ಕೈಗೆ ಬಂದ ಕೂಡಲೇ ಉಜ್ಜಿ ಫಳಫಳ ಮಾಡುವವರು ಅರ್ಧ ಗುರುತನ್ನು ಮೋರಿಗೆ ಚೆಲ್ಲಿರುತ್ತಾರೆ. ಬದಿಯಲ್ಲಿ ಗರಗಸದ ಗೀರು ಹೇಗಿದೆ, ಅಂಚನ್ನು ಉಜ್ಜಿ ಓರೆ ಮಾಡಿದ್ದಾರೆಯೇ, ಎಲ್ಲಾದರೂ ಕಾಗದ ಅಂಟಿಸಿದ್ದ ಗೋಂದಿನ ಕಲೆಯಿದೆಯೇ, ಎಣ್ಣೆ ಹಾಕಿ ಬಳಸಿದ್ದರೋ ನೀರು ಹಾಕಿಯೋ, ಸವೆದದ್ದು ನಡುವೆಯೋ ಒಂದು ತುದಿಗೋ, ಇದೆಲ್ಲವನ್ನೂ ಮೊದಲು ನೋಡಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ಪಾತ್ರೆ ತೊಳೆಯುವ ಸೋಪಿನ ಬಿಸಿನೀರು, ಹಳೇ ಹಲ್ಲುಜ್ಜುವ ಬ್ರಷ್ಷು. ಒಂದು ಕಲ್ಲಂತೂ ಒಂದು ವಾರ ಸೋಪುನೀರಿನಲ್ಲಿ ಮುಳುಗಿದ್ದು, ದಿನಕ್ಕಿಷ್ಟು ಕಂದು ಜಿಡ್ಡು ಕಾರಿ, ಕೊನೆಗೆ ತನ್ನ ಬಣ್ಣ ತೋರಿಸಿತು.

ಮೊದಲ ಕಲ್ಲಿನ ವಿಚಾರ ಒಂದು ಹನಿ ನಿಂಬೆರಸದಲ್ಲಿ ಮುಗಿಯಿತು. ಮೊಳೆಯಿಂದ ಮೂಲೆಯಲ್ಲಿ ಗೀರಿ, ಎದ್ದ ಪುಡಿಯ ಮೇಲೆ ರಸ ಬಿಟ್ಟರೆ ಸಣ್ಣಗೆ ಗುಳ್ಳೆ ಎದ್ದವು. ಸುಣ್ಣಕಲ್ಲು. ಖನಿಜಗಳ ಗಟ್ಟಿತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಸುಣ್ಣಕಲ್ಲಿನ ಖನಿಜ 3ರಲ್ಲಿದೆ, ಹದಗೊಳಿಸಿದ ಕ್ಷೌರದ ಉಕ್ಕು 6ರ ಮೇಲಿದೆ. ಮೆತ್ತಗಿನದು ಗಟ್ಟಿಯದನ್ನು ಕೊರೆಯುವುದುಂಟೇ? ನಮ್ಮ ಶಹಾಬಾದಿನ ಹಾಸುಗಲ್ಲೂ ಸುಣ್ಣಕಲ್ಲೇ. ಅದರ ಮೆಟ್ಟಿಲಿಗೆ ತರಕಾರಿ ಚಾಕು ಉಜ್ಜುವವರುಂಟು, ಕ್ಷೌರದ ಕತ್ತಿಯನ್ನು ಮಾತ್ರ ದಯವಿಟ್ಟು ಒಯ್ಯಬೇಡಿ.

ಉಕ್ಕನ್ನು ಕೊರೆಯಬಲ್ಲ ಖನಿಜಗಳು ಹೆಚ್ಚೇನಿಲ್ಲ. ಬೆಣಚು 7, ಗಾರ್ನೆಟ್ ಆರೂವರೆಯಿಂದ ಏಳೂವರೆ, ಕುರುಂದ 9. ಈ ಮೂರನೆಯದರ ಹೆಸರು ನಮ್ಮದು. ಇಂಗ್ಲಿಷಿನ ಕೊರಂಡಮ್ ಎಂಬ ಮಾತು ದಕ್ಷಿಣ ಭಾರತದ ಕುರುಂದದಿಂದ, ಸಂಸ್ಕೃತದ ಕುರುವಿಂದದಿಂದ ಹೋದದ್ದು. ಅಮೆರಿಕದ ಎಡ್ವರ್ಡ್ ಆಚಿಸನ್ 1890ರ ದಶಕದಲ್ಲಿ ವಿದ್ಯುತ್ ಕುಲುಮೆಯಲ್ಲಿ ಹೊಸದೊಂದು ಗಡಸು ವಸ್ತು ತಯಾರಿಸಿ, ಕಾರ್ಬನ್ನಿಗೆ ಕೊರಂಡಮ್ ಸೇರಿಸಿ ಕಾರ್ಬೊರಂಡಮ್ ಎಂದು ಹೆಸರಿಟ್ಟ. ಇಂದು ಯಾವ ಊರಿನ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಸಿಗುವ ಬೂದು ಕಲ್ಲು ಅದೇ. ಹೋಗಿ ಬಂದ ಮಾತು. ಕುಡುಗೋಲಿಗೆ, ಮಚ್ಚಿಗೆ ಅದು ಸಾಕು. ಗಲ್ಲದ ಮೇಲೆ ಓಡುವ ಬಾಯಿಗೆ ಬಹಳ ಒರಟು.

ಗಡಸುತನ ಅರ್ಧ ವಿಷಯ ಮಾತ್ರ. ಉಳಿದರ್ಧ ಕಾಳಿನ ಗಾತ್ರ, ಆಕಾರ, ಮತ್ತು ಅವೆಲ್ಲ ಒಂದೇ ಸಮ ಇವೆಯೇ ಎಂಬುದು. ಇದನ್ನು ನಾನು ಕಲಿತದ್ದು ನಮ್ಮದೇ ನೆಲದಲ್ಲಿ. ಹೊಳೆನರಸೀಪುರದ ಸುತ್ತಲಿನ ಶಿಸ್ಟ್ ಬಂಡೆಗಳಲ್ಲಿ ಗಾರ್ನೆಟ್ ಇದೆ ಎಂದು ಓದಿ, ಹೋಗಿ, ಬಿದ್ದಿದ್ದ ಒಂದು ತುಂಡು ತಂದು, ಎರಡು ದಿನ ಉಜ್ಜಿ ಮಟ್ಟ ಮಾಡಿದೆ. ಗಾರ್ನೆಟ್ ಇದ್ದದ್ದು ನಿಜ, ಸಾಸಿವೆ ಕಾಳಿನಷ್ಟು, ಕೆಲವು ಕಡಲೆಯಷ್ಟು. ಕತ್ತಿಯನ್ನು ಒಮ್ಮೆ ಎಳೆದೆ. ಭೂತಗನ್ನಡಿಯಲ್ಲಿ ನೋಡಿದರೆ ಬಾಯಿ ಗರಗಸವಾಗಿತ್ತು. ಕ್ಷೌರದ ಕಲ್ಲಿಗೆ ಬೇಕಾದ ಗಾರ್ನೆಟ್ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನದು, ಬರಿಗಣ್ಣಿಗೆ ಕಾಣಲೇಬಾರದು.

ಡಬ್ಬಿಯ ಎರಡನೇ ಕಲ್ಲು ಗಾಜಿನಂತೆ ನುಣುಪು, ಉಸಿರಿಗೆ ವಾಸನೆಯಿಲ್ಲ. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಅಂಚಿಗೆ ಒತ್ತಿ ಹಿಡಿದರೆ ಅಂಚು ಜೇನಿನ ಬಣ್ಣದಲ್ಲಿ ಬೆಳಗಿತು. ತೂಕ ನೋಡಿದೆ: ಒಣಗಿದಾಗ 198 ಗ್ರಾಂ, ದಾರ ಕಟ್ಟಿ ನೀರಿನಲ್ಲಿ ತೂಗಿದರೆ 122. ಕಳೆದುಕೊಂಡ 76ರಿಂದ 198ನ್ನು ಭಾಗಿಸಿದರೆ 2.6. ಆರ್ಕಿಮಿಡೀಸ್ ಹೇಳಿಕೊಟ್ಟ ಈ ಲೆಕ್ಕಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ಅಪ್ಪಟ ಬೆಣಚಿನ ಸಾಂದ್ರತೆ 2.65. ಅಂದರೆ ಇದು ಹೆಚ್ಚುಕಡಿಮೆ ಪೂರಾ ಬೆಣಚು, ಒಳಗೆ ಪೊಳ್ಳು ಬಹಳ ಕಡಿಮೆ. ಅಮೆರಿಕದ ಆರ್ಕನ್ಸಾ ರಾಜ್ಯದ ವಾಶಿಟಾ ಬೆಟ್ಟಗಳ ನೊವಾಕ್ಯುಲೈಟ್ ಹೀಗೆಯೇ ಇರುತ್ತದೆ. ಲ್ಯಾಟಿನ್ನಿನಲ್ಲಿ ನೊವಾಕುಲಾ ಎಂದರೆ ಕ್ಷೌರದ ಕತ್ತಿ. ಬಂಡೆಗೆ ಹೆಸರೇ ಕತ್ತಿಯಿಂದ ಬಂದಿದೆ. ಅಲ್ಲಿನ ವ್ಯಾಪಾರಿಗಳೂ ಮೆತ್ತಗಿನದು, ಗಟ್ಟಿಯದು ಎಂದು ವಿಂಗಡಿಸುವಾಗ ಇದೇ ಸಾಂದ್ರತೆಯನ್ನು ನೆಚ್ಚುತ್ತಾರೆ, ಹೆಚ್ಚಿದಷ್ಟೂ ನಯ. ಈ ಕಲ್ಲಿನ ಗುಣವೆಂದರೆ ಅದು ತನ್ನ ಕಾಳನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಎಣ್ಣೆ ಹಾಕಿ ಎಳೆಯುತ್ತಾ ಹೋದಂತೆ ಮೇಲ್ಮೈ ತಾನೇ ನುಣುಪಾಗುತ್ತದೆ, ಕೊರೆತ ನಿಧಾನವಾಗುತ್ತದೆ, ಕತ್ತಿಯ ಬಾಯಿಗೆ ಬರುವ ಹೊಳಪು ಹೆಚ್ಚುತ್ತದೆ. ಹಾಗಾಗಿ ಇದನ್ನು ಹೊಸದಾಗಿ ಉಜ್ಜಿದ ದಿನವೇ ಅಳೆಯಬಾರದು.

ಮೂರನೆಯದು ತಿಳಿಹಸಿರು ಬೆರೆತ ಬೂದು ಬಣ್ಣದ ಸ್ಲೇಟು, ಅಂಗೈ ಉದ್ದ, ಎರಡು ಬೆರಳು ಅಗಲ. ಉಸಿರು ಬಿಟ್ಟರೆ ಮಣ್ಣಿನ ವಾಸನೆ ಘಮ್ಮೆಂದಿತು. ನೀರು ಹಾಕಿ ಕಲ್ಲಿನ ಸಣ್ಣ ಚೂರಿನಿಂದ ತೇದರೆ ಬಿಳಿಚಿದ ಬೂದು ಹಾಲು. ಜರ್ಮನಿಯ ಟೂರಿಂಗಿಯಾ ಸೀಮೆಯಲ್ಲಿ, ಸೊನ್ನೆಬರ್ಗ್, ಸ್ಟೈನಾಖ್ ಊರುಗಳ ಸುತ್ತ, ಇಂಥ ಕಲ್ಲು ತೆಗೆಯುತ್ತಿದ್ದರು. ಅದರಲ್ಲೂ ಎಷರ್ ಎಂಬ ಮನೆತನದ ವ್ಯಾಪಾರಿಗಳ ಕಲ್ಲು ಜಗತ್ತಿನ ಸಲೂನುಗಳಿಗೆಲ್ಲ ಹೋಯಿತು. ಹಳದಿ ಮಿಶ್ರಿತ ಹಸಿರು, ತಿಳಿಹಸಿರು, ನೀಲಿ ಮಿಶ್ರಿತ ಹಸಿರು, ಕಡುನೀಲಿ ಎಂದು ಬಣ್ಣದ ಮೇಲೆ ವಿಂಗಡಿಸಿ, ಕಲ್ಲಿನ ತುದಿಗೆ ಬಣ್ಣ ಬರೆದ ಚೀಟಿ ಅಂಟಿಸುತ್ತಿದ್ದರು. ಸ್ಟೈನಾಖ್ ಎಂದರೆ ಬಳಪದ ಊರು; ಶಾಲೆಯ ಸ್ಲೇಟಿನ ಮೇಲೆ ಬರೆಯುವ ಕಡ್ಡಿಗಳನ್ನು ಅಲ್ಲಿನ ಮನೆಮನೆಯಲ್ಲಿ ಕೊರೆದು ದೇಶದೇಶಕ್ಕೆ ಕಳಿಸುತ್ತಿದ್ದರು. ಅಕ್ಷರಕ್ಕೂ ಗಡ್ಡಕ್ಕೂ ಒಂದೇ ಬೆಟ್ಟದ ಸೀಮೆ ಒದಗಿತು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ನನ್ನ ಕಲ್ಲಿಗೆ ಚೀಟಿಯಿಲ್ಲ, ತುದಿಯಲ್ಲಿ ಗೋಂದಿನ ಹಳದಿ ಕಲೆಯಷ್ಟೇ ಇದೆ. ಚೀಟಿ ಇದ್ದಿದ್ದರೆ ಬೆಲೆ ಹಲವು ಪಟ್ಟು ಏರುತ್ತಿತ್ತು. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಚೀಟಿಗೆ ದುಡ್ಡು ಕೊಡಬೇಡಿ. ಹಳೇ ಚೀಟಿಯನ್ನು ಬೇರೆ ಕಲ್ಲಿಗೆ ಅಂಟಿಸುವುದು ಕಷ್ಟದ ಕೆಲಸವಲ್ಲ. ಜಪಾನಿನ ಕ್ಯೋಟೋ ಸುತ್ತಲಿನ ಕಲ್ಲುಗಳಿಗೂ ಇದೇ ಪಾಡು. ನಕಯಾಮದಂಥ ಹೆಸರಾಂತ ಗಣಿಗಳು ಮುಚ್ಚಿ ದಶಕಗಳೇ ಕಳೆದಿವೆ, ಕಲ್ಲಿನ ಮೇಲೆ ಶಾಯಿಯಲ್ಲಿ ಒತ್ತಿದ ಗಣಿಯ ಮುದ್ರೆಗೇ ಬೆಲೆ. ಶಾಯಿ ಇವತ್ತೂ ಸಿಗುತ್ತದೆ. ಚೀಟಿಯಿಲ್ಲದ ನನ್ನ ಕಲ್ಲನ್ನು ನಾನು ಟೂರಿಂಗಿಯದ್ದಿರಬೇಕು ಎನ್ನುತ್ತೇನೆ. ‘ಇರಬೇಕು’ ಎಂಬ ಮಾತನ್ನು ಬಿಡುವಷ್ಟು ಪುರಾವೆ ನನ್ನ ಬಳಿಯಿಲ್ಲ.

ನಾಲ್ಕನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಆಲಿವ್ ಹಸಿರು, ಅಲ್ಲಲ್ಲಿ ಕೆಂಗಂದು ಮಚ್ಚೆ, ಕಬ್ಬಿಣದಷ್ಟು ಬಿಗಿ. ಇಂಗ್ಲೆಂಡಿನ ಲೆಸ್ಟರ್‌ಶೈರಿನ ಚಾರ್ನ್‌ವುಡ್ ಕಾಡಿನ ಕಲ್ಲಿನ ಲಕ್ಷಣ ಇದು. ಪ್ರಾಚೀನ ಜ್ವಾಲಾಮುಖಿಗಳ ಬೂದಿ ಸಮುದ್ರದ ತಳದಲ್ಲಿ ಕೂತು ಗಟ್ಟಿಯಾದ ಬಂಡೆಗಳ ಸೀಮೆ ಅದು. ಅಲ್ಲೇ 1957ರಲ್ಲಿ ಬಂಡೆ ಹತ್ತಲು ಹೋದ ಶಾಲಾ ಹುಡುಗರ ಕಣ್ಣಿಗೆ ಜರೀಗಿಡದ ಎಲೆಯಂಥ ಅಚ್ಚೊಂದು ಬಿತ್ತು. ಅದೇ ಚಾರ್ನಿಯಾ, ಐವತ್ತಾರು ಕೋಟಿ ವರ್ಷ ಹಿಂದಿನ ಜೀವಿಯ ಗುರುತು. ಆ ಕಾಡಿನ ಕಲ್ಲು ಎಣ್ಣೆ ಬೇಡುತ್ತದೆ, ತಾಳ್ಮೆ ಇನ್ನೂ ಹೆಚ್ಚು ಬೇಡುತ್ತದೆ. ಇನ್ನೂರು ಸಲ ಎಳೆದ ಮೇಲೆ ಕತ್ತಿಯಲ್ಲಿ ಬದಲಾವಣೆ ಕಾಣಿಸಿತು, ಕಂಡದ್ದು ಮೃದುವಾಗಿತ್ತು.

ಇನ್ನು ಐದನೆಯದು. ಒಂದು ವಾರ ಸೋಪುನೀರು ಕುಡಿದದ್ದು ಇದೇ. ಜಿಡ್ಡೆಲ್ಲ ಹೋದ ಮೇಲೆ ನೋಡಿದರೆ ಮೇಲ್ಭಾಗ ಬೆಣ್ಣೆಯ ಹಳದಿ, ಕೆಳಭಾಗ ನೇರಳೆ ಮಿಶ್ರಿತ ನೀಲಿ, ಎರಡರ ನಡುವೆ ಗೆರೆ. ಅಕ್ಕನ ಮಗನಿಗೆ ಫೋನು ಮಾಡಿ, “ಸಿಕ್ಕಿತು ಕಣೋ” ಅಂದೆ.

ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳಲ್ಲಿ, ಸಾಲ್ಮ್ ಎಂಬ ಸಣ್ಣ ಹೊಳೆಯ ದಂಡೆಯ ವಿಯಲ್ಸಾಲ್ಮ್, ಸಾಲ್ಮ್‌ಶಾತೋ ಊರುಗಳ ಮತ್ತು ಹತ್ತಿರದ ಲಿಯೆರ್ನೊ ಊರಿನ ಸುತ್ತ ಈ ಕಲ್ಲು ಸಿಗುತ್ತದೆ. ಹೆಸರು ಕೋಟಿಕ್ಯೂಲ್, ಲ್ಯಾಟಿನ್ನಿನ ಕೋಟಿಕುಲಾದಿಂದ ಬಂದದ್ದು. ಮಜವೆಂದರೆ, ಕ್ರಿಸ್ತಶಕ ಒಂದನೇ ಶತಮಾನದ ರೋಮಿನ ಪ್ಲಿನಿ ಕೋಟಿಕುಲಾ ಎಂದು ಕರೆದದ್ದು ಚಿನ್ನ ಪರೀಕ್ಷಿಸುವ ಒರೆಗಲ್ಲನ್ನು. ಮಸೆಗಲ್ಲುಗಳ ಬಗ್ಗೆಯೂ ಆತ ಬರೆದಿದ್ದಾನೆ: ಎಣ್ಣೆ ಬೇಡುವವು, ನೀರು ಬೇಡುವವು, ಕೊನೆಗೆ ಕ್ಷೌರದಂಗಡಿಗಳಲ್ಲಿ ಎಂಜಲು ಹಾಕಿ ಬಳಸುವವು ಎಂದು ವಿಂಗಡಿಸಿ, ಎಂಜಲಿನ ಕಲ್ಲುಗಳಲ್ಲಿ ಸ್ಪೇನಿನ ಲಮಿನಿಯಮ್ಮಿನದು ಶ್ರೇಷ್ಠ ಎನ್ನುತ್ತಾನೆ. ಎರಡು ಸಾವಿರ ವರ್ಷದ ಹಿಂದೆಯೂ ಕಲ್ಲಿನ ಊರು ಕೇಳುವವರಿದ್ದರು.

ಕೋಟಿಕ್ಯೂಲಿನ ಕಥೆ ಸುಮಾರು 48 ಕೋಟಿ ವರ್ಷದ್ದು. ಕಬ್ಬಿಣದ ಕೆಂಪು ಕೆಸರಿನ ನಡುವೆ ಮ್ಯಾಂಗನೀಸ್ ತುಂಬಿದ ತೆಳು ಪದರಗಳು ಸಮುದ್ರದಡಿ ಕೂತವು. ಭೂಮಿ ಅದುಮಿ ಕಾಯಿಸಿದಾಗ ಕೆಂಪು ಕೆಸರು ನೇರಳೆ ಸ್ಲೇಟಾಯಿತು, ಮ್ಯಾಂಗನೀಸಿನ ಪದರದಲ್ಲಿ ಸ್ಪೆಸಾರ್ಟೀನ್ ಎಂಬ ಜಾತಿಯ ಗಾರ್ನೆಟ್ ಹರಳುಗಳು ಹುಟ್ಟಿದವು. ಹರಳು ಒಂದೊಂದೂ ಐದರಿಂದ ಇಪ್ಪತ್ತು ಮೈಕ್ರಾನ್. ಕಲ್ಲಿನ ಗಾತ್ರದ ಮೂರನೇ ಒಂದು ಭಾಗವೋ ಇನ್ನೂ ಹೆಚ್ಚೋ ಇವೇ, ಮಿಕ್ಕದ್ದು ಬಹುಪಾಲು ಮೆತ್ತನೆಯ ಅಭ್ರಕ. ಗಾರ್ನೆಟ್ಟಿನ ಹರಳಿಗೆ ಹನ್ನೆರಡು ಮುಖ, ಚೆಂಡಿಗೆ ಹತ್ತಿರವಾದ ಆಕಾರ. ಒಡೆದ ಬೆಣಚಿನ ಚೂರು ಉಕ್ಕನ್ನು ಆಳಕ್ಕೆ ಸೀಳಿದರೆ ಇದು ಮೊಂಡು ಮೂಲೆಯಿಂದ ಮೇಲುಮೇಲಕ್ಕೆ ಕೆತ್ತುತ್ತದೆ. ಆದ್ದರಿಂದಲೇ ಬೇಗ ಕೊರೆದರೂ ಬಾಯಿ ನಯವಾಗಿರುತ್ತದೆ.

ನಾನೂ ಅಕ್ಕನ ಮಗನೂ ಸಾಲ್ಮ್‌ಶಾತೋಗೆ ಹೋಗಿದ್ದೆವು. ಹೊಳೆಯ ಪಕ್ಕ, ಹಿಂದೆ ಕಲ್ಲು ಕೊಯ್ಯುತ್ತಿದ್ದ ಕಾರ್ಖಾನೆಯೇ ಈಗ ಕೋಟಿಕ್ಯೂಲಿನ ವಸ್ತುಸಂಗ್ರಹಾಲಯ. ಗರಗಸ, ಉಜ್ಜುವ ಚಕ್ರ ಅಲ್ಲಿವೆ. ಗಣಿಯಾಳದಿಂದ ತಂದ ಕಲ್ಲಿನಲ್ಲಿ ಕೊಯ್ಯಲು ಯೋಗ್ಯವಾದ ಹಳದಿ ಪದರ ಸಿಗುವುದೇ ಕಡಿಮೆ, ಸಿಕ್ಕರೂ ಕೆಲವೇ ಸೆಂಟಿಮೀಟರು. ಕಾರ್ಮಿಕರು ಒಂದೊಂದು ಪದರಕ್ಕೂ ಹೆಸರಿಟ್ಟಿದ್ದರು: ಲಾ ವೆನೆಟ್, ಲಾ ಗ್ರೋಸ್ ಬ್ಲಾಂಶ್, ಲಾ ಡ್ರೆಸಾಂತ್. ನಮ್ಮಲ್ಲಿ ಗದ್ದೆಗಳಿಗೆ ಹೆಸರಿರುವ ಹಾಗೆ. ಅಡ್ಡಾದಿಡ್ಡಿ ಉಳಿದ ಚೂರುಗಳನ್ನೂ ಎಸೆಯದೆ ಹಾಗೇ ಮಟ್ಟ ಮಾಡಿ ಮಾರುತ್ತಾರೆ. ಅಗ್ಗದ ಆ ಚೂರುಗಳಲ್ಲಿ ಅಪರಂಜಿಯಂಥವು ಸಿಗುವುದುಂಟು, ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಅವನ್ನೇ.

ಮತ್ತೆ ನನ್ನ ಕಲ್ಲಿಗೆ ಬಂದರೆ, ಹಳದಿಗೂ ನೀಲಿಗೂ ನಡುವಿನ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಹಳದಿ ಪದರ ಪೆಡಸು, ಒಂಟಿಯಾಗಿ ಬಿಟ್ಟರೆ ಮುರಿಯುತ್ತದೆ. ಅದಕ್ಕೇ ಬೇರೆ ಸ್ಲೇಟನ್ನು ಅಂಟಿಸಿ ಬೆನ್ನು ಕೊಡುವುದು ರೂಢಿ. ಅಂಟಿಸಿದ್ದರೆ ಗೆರೆ ಅಡಿಪಟ್ಟಿ ಹಿಡಿದು ಎಳೆದಷ್ಟು ನೇರ, ನಡುವೆ ಗೋಂದಿನ ತೆಳು ಕಂದು. ಭೂಮಿಯೇ ಬೆಸೆದದ್ದಾದರೆ ಹಳದಿ ನೀಲಿಯೊಳಕ್ಕೆ ಅಲ್ಲಲ್ಲಿ ನುಸುಳಿರುತ್ತದೆ, ಗೆರೆ ಸಣ್ಣಗೆ ತೂಗಾಡುತ್ತದೆ. ನನ್ನದು ಭೂಮಿ ಬೆಸೆದದ್ದು. ಎರಡೂ ಮುಖ ತೇದು ನೋಡಿದೆ. ಹಳದಿ ಕಡೆ ಅಪ್ಪಟ ಹಾಲು, ನೀಲಿ ಕಡೆ ನೇರಳೆ ಹಣ್ಣು ಕಿವುಚಿದಂಥ ನೀರು. ನೀಲಿಯಲ್ಲೂ ಗಾರ್ನೆಟ್ ಇದೆ, ಕಡಿಮೆ. ಅದೂ ಕತ್ತಿ ಮಸೆಯುತ್ತದೆ, ಸಾವಕಾಶವಾಗಿ.

ಇಷ್ಟಾದರೆ ಹೆಸರು ಸಿಕ್ಕಿತು. ಕಲ್ಲು ಒಳ್ಳೆಯದೇ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಒಂದೇ ಪದರದ ಎರಡು ಕಲ್ಲುಗಳು ಎರಡು ಸ್ವಭಾವದವಾಗಿರುತ್ತವೆ. ನಲವತ್ತು ಕಲ್ಲು ಕೂಡಿಟ್ಟವನಿಗಿಂತ, ಒಂದೇ ಕಲ್ಲನ್ನು ಮೂವತ್ತು ವರ್ಷ ಬಳಸಿದ ಕ್ಷೌರಿಕನಿಗೆ ಕಲ್ಲು ಹೆಚ್ಚು ಗೊತ್ತಿತ್ತು ಎಂದು ನಾನು ನಂಬಿರುವುದು ಇದೇ ಕಾರಣಕ್ಕೆ.

ನಾನು ಪರೀಕ್ಷೆಗೆಂದೇ ಒಂದು ಕತ್ತಿ ಇಟ್ಟಿದ್ದೇನೆ, ಎಲ್ಲ ಕಲ್ಲಿಗೂ ಅದೇ. ಕತ್ತಿ ಬೇರೆಯಾದರೆ ಉಕ್ಕು ಬೇರೆ, ಆಗ ಕಲ್ಲನ್ನು ಅಳೆದಂತಾಗುವುದಿಲ್ಲ. ಮೊದಲು ಹೊಲಿಗೆ ಸೂಜಿಯ ತುದಿಯನ್ನು ಒದ್ದೆ ಕಲ್ಲಿನ ಮೇಲೆ ಹಗುರ ಎಳೆಯುತ್ತೇನೆ. ಬೆಣಚಿನ ಎಳೆ ಅಡಗಿದ್ದರೆ ಸೂಜಿ ಅಲ್ಲಿ ಟಿಕ್ಕೆಂದು ತಡೆಯುತ್ತದೆ, ಅಂಥ ಕಲ್ಲು ಎಷ್ಟೇ ಚೆಂದವಿರಲಿ ಬೇಡ. ಕೋಟಿಕ್ಯೂಲಿನಲ್ಲಿ ಕಪ್ಪು ಗೆರೆಗಳು ಕಾಣುತ್ತವೆ; ಸೂಜಿ ತಡೆಯದಿದ್ದರೆ ಅವುಗಳಿಂದ ತೊಂದರೆಯಿಲ್ಲ. ಆಮೇಲೆ ಕತ್ತಿಯ ಬಾಯಿಯನ್ನು ಗಾಜಿನ ಲೋಟದ ತಳಕ್ಕೆ ಒಮ್ಮೆ ತಾಗಿಸಿ ಮೊಂಡು ಮಾಡುತ್ತೇನೆ. ಕಲ್ಲಿನ ಮೇಲೆ ನಾಲ್ಕು ಹನಿ ನೀರು, ಚೂರಿನಿಂದ ತೇದು ದಪ್ಪ ಹಾಲು. ಕತ್ತಿಯನ್ನು ಪೂರ್ತಿ ಮಲಗಿಸಬೇಕು, ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು. ಬೆನ್ನಿನ ದಪ್ಪವೇ ಕೋನವನ್ನು ಕಾಯುತ್ತದೆ. ಬಾಯಿ ಮುಂದಾಗಿ ಒಮ್ಮೆ, ತಿರುಗಿಸಿ ಒಮ್ಮೆ. ಎಷ್ಟು ಸಲ ಎಳೆದರೆ ಮುಂಗೈಯ ರೋಮ ಮತ್ತೆ ಕತ್ತರಿಸುತ್ತದೆ ಎಂದು ಎಣಿಸುತ್ತೇನೆ. ಹಳದಿ ಕಲ್ಲಿಗೆ ಮೂವತ್ತೈದು, ಜರ್ಮನಿಯದಕ್ಕೆ ನೂರ ಹತ್ತು. ಎಣಿಸದಿದ್ದರೂ ಹಾಲೇ ಹೇಳುತ್ತದೆ. ಉಕ್ಕು ಬೆರೆತಂತೆ ಬಿಳುಪು ಬೂದಿಗೆ ತಿರುಗುತ್ತದೆ, ಬೇಗ ತಿರುಗಿದರೆ ಕಲ್ಲು ಚುರುಕು.

ಆದರೆ ಚುರುಕಿನ ಕಲ್ಲು ಕೊನೆಯ ನಯ ಕೊಡಬೇಕೆಂದಿಲ್ಲ. ದಪ್ಪ ಹಾಲಿನಲ್ಲಿ ಸಡಿಲ ಹರಳುಗಳು ಬಾಯಿಗೆ ಎದುರಾಗಿ ಬಂದು ಬಡಿಯುತ್ತವೆ. ಹರಿತ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಗ ಬೆರಳು ಅದ್ದಿ ಒಂದು ಹನಿ ನೀರು, ಹತ್ತಿಪ್ಪತ್ತು ಎಳೆತ, ಮತ್ತೊಂದು ಹನಿ. ಹಾಲು ಮಜ್ಜಿಗೆಯಾಗಿ, ಮಜ್ಜಿಗೆ ಕಲಗಚ್ಚಾಗಿ, ಕೊನೆಗೆ ತಿಳಿನೀರು. ಸದ್ದೂ ಬದಲಾಗುತ್ತದೆ, ಮೊದಲಿನ ಸರಸರ ಅಡಗಿ ಕತ್ತಿ ಕಲ್ಲಿಗೆ ಅಂಟಿಕೊಂಡಂತೆ ಎಳೆಯುತ್ತದೆ. ಈ ಘಟ್ಟದಲ್ಲಿ ಕೈಯ ಭಾರವೂ ಬೇಡ, ಕತ್ತಿಯ ಭಾರ ಸಾಕು. ಇಲ್ಲೇ ಕಲ್ಲುಗಳ ಜಾತಿ ಬೇರೆಯಾಗುವುದು. ಕೆಲವು ಹನಿ ಹನಿಗೂ ನಯ ಏರಿಸುತ್ತಾ ಹೋಗುತ್ತವೆ. ಕೆಲವು ತಿಳಿನೀರಿನಲ್ಲೂ ತಾವಾಗಿ ಹಾಲು ಬಿಡುತ್ತಲೇ ಇರುತ್ತವೆ. ಅವು ಕೊನೆಯ ಕೆಲಸಕ್ಕೆ ಒಗ್ಗುವುದಿಲ್ಲ.

ಹಿಡಿದ ಕೂದಲು ಕತ್ತಿಗೆ ತಾಗಿ ತುಂಡಾಗುತ್ತದೆಯೇ ಎಂದು ನೋಡುವವರಿದ್ದಾರೆ. ಕೂದಲು ಒಬ್ಬೊಬ್ಬರದು ಒಂದೊಂದು ಥರ, ನನಗೆ ಆ ಪರೀಕ್ಷೆಯಲ್ಲಿ ವಿಶ್ವಾಸವಿಲ್ಲ. ಚರ್ಮದ ಪಟ್ಟಿಯ ಮೇಲೆ ಐವತ್ತು ಸಲ ಆಡಿಸಿ ಗಡ್ಡಕ್ಕೇ ಹಚ್ಚುತ್ತೇನೆ, ಎಡಗೆನ್ನೆಗೆ ಒಂದು ಕಲ್ಲಿನ ಹರಿತ, ಬಲಗೆನ್ನೆಗೆ ಇನ್ನೊಂದರದು. ಆಗ ಮಾತ್ರ ಎರಡನೇ ಕತ್ತಿ ಬೇಕಾಗುತ್ತದೆ, ಮೊದಲಿನದರ ಜೋಡಿಯದು. ಗದ್ದದ ಕೆಳಗೆ ರೋಮ ತಿರುಗಿ ಬೆಳೆಯುವ ಜಾಗವೇ ನ್ಯಾಯಾಧೀಶ. ಕ್ಷೌರ ಮುಗಿದ ಮೇಲೆ ಪಟಿಕ ಉಜ್ಜಿದರೆ ಎಲ್ಲಿ ಚುರ್ರೆಂದಿತು, ಸಂಜೆ ಕೈಯಾಡಿಸಿದರೆ ಎಲ್ಲಿ ಒರಟು ಎದ್ದಿದೆ, ಎರಡನ್ನೂ ಬರೆದಿಡುತ್ತೇನೆ. ಒಂದು ಕಲ್ಲಿಗೆ ಕನಿಷ್ಠ ಹತ್ತು ಕ್ಷೌರ. ಬೆಣಚಿನ ಕಲ್ಲಿನ ಹರಿತ ಗರಿಗರಿ, ಸ್ವಲ್ಪ ನಿಷ್ಠುರ. ಜರ್ಮನಿಯದು ಮೃದುವೂ ಚೂಪೂ ಹೌದು, ಇವುಗಳಲ್ಲಿ ನನ್ನ ಕೆನ್ನೆ ಅದನ್ನೇ ಮೆಚ್ಚಿತು. ಹಳದಿಯದು ಅದಕ್ಕಿಂತ ಒಂದು ಕೂದಲೆಳೆ ಹಿಂದೆ, ಆದರೆ ಮೊಂಡಿನಿಂದ ಗಡ್ಡದವರೆಗಿನ ಇಡೀ ದಾರಿಯನ್ನು ಒಂದೇ ಕಲ್ಲು ನಡೆಸಿತು. ಚೀಲದಲ್ಲಿ ಒಂದೇ ಕಲ್ಲು ಹೊರುವ ಕ್ಷೌರಿಕನಿಗೆ ಯಾವುದು ಬೇಕಾಗುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಒಂದು ಕೆಲಸ ಉಳಿದಿತ್ತು. ಹಳದಿ ಕಲ್ಲು ನಡುವೆ ತಗ್ಗಾಗಿತ್ತು, ಯಾರದೋ ಕೈ ವರ್ಷಾನುಗಟ್ಟಲೆ ಒಂದೇ ಜಾಡಿನಲ್ಲಿ ಎಳೆದದ್ದು. ಎಳೆತ ಎಣಿಸುವಾಗ ನಾನು ಮಟ್ಟವಾಗಿದ್ದ ಒಂದು ತುದಿಯನ್ನಷ್ಟೇ ಬಳಸಿದ್ದೆ. ಪೂರ್ತಿ ಮಟ್ಟ ಮಾಡಲು ದಪ್ಪ ಗಾಜಿನ ಮೇಲೆ ನೀರು ಹಾಕಿ ಉಜ್ಜುವ ಮರಳುಕಾಗದ ಹಾಸಿ, ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಚೌಕಳಿ ಗೆರೆ ಹಾಕಿ, ಉಜ್ಜತೊಡಗಿದೆ. ಎತ್ತರದ ಗೆರೆಗಳು ಅಳಿದವು, ಹಾಲು ಹರಿಯಿತು. ಮತ್ತೆ ಗೆರೆ, ಮತ್ತೆ ಉಜ್ಜು. ಬದಿಯಿಂದ ನೋಡಿದರೆ ನಡುವಿನಲ್ಲಿ ಹಳದಿ ಉಳಿದದ್ದು ಎರಡೇ ಮಿಲಿಮೀಟರು. ಪೂರ್ತಿ ಮಟ್ಟ ಬರುವವರೆಗೆ ಉಜ್ಜಿದರೆ ಅದರಲ್ಲಿ ಎಷ್ಟು ಹೋಗುತ್ತದೋ ಎಂದು ಕೈ ಹಿಂಜರಿಯಿತು. ಒಂದು ಮೂಲೆಯಲ್ಲಿ ಹೆಬ್ಬೆರಳಿನ ಅಗಲದ ತಗ್ಗಿನಲ್ಲಿ ಪೆನ್ಸಿಲಿನ ಗೆರೆ ಇನ್ನೂ ಅಳಿಯದೆ ನಿಂತಿತ್ತು. ಕತ್ತಿ ಓಡಲು ಉಳಿದ ಜಾಗ ಸಾಕಿತ್ತು. ಕಲ್ಲನ್ನು ತೊಳೆದು, ಆ ತಗ್ಗನ್ನು ಹಾಗೇ ಬಿಟ್ಟು, ನೆರಳಿನಲ್ಲಿ ಒಣಗಲಿಟ್ಟೆ.